ಹಾಲು ಮುಚ್ಚಿಕೊಳ್ಳಿ, ಬಾಲಚುಕ್ಕಿ ಬಸಮ್ಮ ಬಂದಳು

ಅವಳ ಹೆಸರನ್ನು ನಾನು ಮೊದಲು ಕೇಳಿದ್ದು ಹಾಲಿನ ಪಾತ್ರೆಯ ಮುಂದೆ ಕೂತಿದ್ದಾಗ. ಸ್ವಾತಂತ್ರ್ಯ ಬಂದ ವರ್ಷ. ನಾವು ಹಳ್ಳಿ ಬಿಟ್ಟು ಮೈಸೂರಿನ ಲಷ್ಕರ್ ಮೊಹಲ್ಲಾಕ್ಕೆ ಬಾಡಿಗೆಗೆ ಬಂದ ದಿವಸ. ನಮ್ಮ ಯಜಮಾನರು ಸೈಕಲ್ ರಿಪೇರಿ ಅಂಗಡಿ ಇಡುತ್ತೇನೆಂದು ಬಂದರು, ಪಾತ್ರೆ ಪಡಗದ ಜೊತೆ ನಾನೂ ಬಂದೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಲ್ಲ, ಒಲೆ ಹಚ್ಚಿ ಕೂತಿದ್ದೆ. ಮನೆಯ ಒಡತಿ ಶಿವನಂಜಮ್ಮನವರು ಪಕ್ಕದಲ್ಲೇ ನಿಂತು, ಸೌದೆ ಹೀಗಿಡು, ಊದುಗೊಳವೆ ಹಾಗೆ ಹಿಡಿ ಎಂದು ಹುಟ್ಟಿದಾಗಿನಿಂದ ಒಲೆಯನ್ನೇ ಕಾಣದವಳಿಗೆ ಹೇಳುವಂತೆ ಹೇಳುತ್ತಿದ್ದರು. ಹಾಲು ಇನ್ನೇನು ಮೇಲೆ ಬರಬೇಕು, ಬೀದಿಯಿಂದ ಒಂದು ಗಂಟಲು ಕೂಗಿತು:

"ಹಾಲು ಮುಚ್ಕೊಳ್ರವ್ವಾ! ನಾ ಬಂದೆ!"

ಶಿವನಂಜಮ್ಮನವರು ಎದ್ದುಬಿದ್ದು ಓಡಿ ಒಂದು ತಟ್ಟೆ ತಂದರು. "ಮುಚ್ಚು, ಮುಚ್ಚು! ಬಾಲಚುಕ್ಕಿ ಬಂದ್ಬುಟ್ಲು!"

ಉಕ್ಕುವ ಹಾಲಿನ ಮೇಲೆ ತಟ್ಟೆ ಮುಚ್ಚಿದರೆ ಏನಾಗುತ್ತದೋ ಅದೇ ಆಯಿತು. ಹಾಲೆಲ್ಲ ಒಲೆಗೆ ಸುರಿಯಿತು, ಒಲೆ ಆರಿತು, ಮನೆ ತುಂಬ ಹೊಗೆ. ಶಿವನಂಜಮ್ಮನವರು ಕಣ್ಣೊರೆಸಿಕೊಳ್ಳುತ್ತ ಅಂದರು, "ನೋಡ್ದಾ? ಅವಳು ಬಂದ್ಲು, ಒಲೆ ಆರ್ತು."

ಹೊಗೆಯಲ್ಲಿ ಬಾಗಿಲ ಹತ್ತಿರ ಒಂದು ಮುಖ ಕಾಣಿಸಿತು. ಅಗಲವಾದ ಮುಖ, ಅದರ ತುಂಬ ನಗು, ಮೊಣಕೈವರೆಗೂ ಕಪ್ಪು ಮೆತ್ತಿದ ಕೈ. ಊದುಬತ್ತಿ ಹೊಸೆಯುವವರ ಕೈ ಹಾಗೇ ಇರುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ.

"ಊದುಬತ್ತಿ ಬೇಕಾ ತಾಯಿ?" ಎಂದು ಕೇಳಿದವಳು ಒಳಗೆ ಇಣುಕಿ, "ಬ್ಯಾಡ ಬುಡಿ, ಹೊಗೆ ಆಗ್ಲೇ ಬೇಕಾದಷ್ಟದೆ" ಎಂದಳು.

ಅವಳೇ ಪುಟ್ಟಬಸಮ್ಮ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಬೀದಿಯವರೆಲ್ಲ ಬಾಲಚುಕ್ಕಿ ಎನ್ನುತ್ತಿದ್ದರು.

ಅವಳು ಹುಟ್ಟಿದ್ದು ಸಾವಿರದ ಒಂಬೈನೂರ ಹತ್ತರಲ್ಲಿ, ಆಕಾಶದಲ್ಲಿ ದೊಡ್ಡ ಬಾಲದ ಚುಕ್ಕಿ ಕಾಣಿಸಿಕೊಂಡ ದಿನಗಳಲ್ಲಿ. ಅವಳು ಹುಟ್ಟಿದ ಬೆಳಿಗ್ಗೆಯೇ ಮನೆಯ ಎಮ್ಮೆ ಬಾವಿಗೆ ಬಿತ್ತಂತೆ. ಎಮ್ಮೆ ಎತ್ತಲು ಹೋದ ಸೋದರಮಾವನೂ ಬಿದ್ದನಂತೆ. ಇಬ್ಬರೂ ಬದುಕಿಕೊಂಡರು. ಆದರೆ ಆಮೇಲೆ ಎಮ್ಮೆ ಹಾಲು ಕೊಡಲಿಲ್ಲ, ಸೋದರಮಾವ ಕೆಲಸ ಮಾಡಲಿಲ್ಲ. ಅವಳ ಅಜ್ಜಿ ತೊಟ್ಟಿಲು ನೋಡಿ, ಇದು ಮಗುವಲ್ಲ, ಬಾಲಚುಕ್ಕಿ ಕಳಿಸಿದ ಪಾರ್ಸೆಲ್ಲು ಎಂದು ತೀರ್ಮಾನ ಮಾಡಿಬಿಟ್ಟಳು.

"ಮಾವ ಬಾವಿಗೆ ಬೀಳೋಕ್ ಮುಂಚೇನೂ ಕೆಲ್ಸ ಮಾಡ್ತಿರ್ಲಿಲ್ವಂತೆ ಕಣವ್ವ" ಎಂದು ಬಸಮ್ಮಕ್ಕ ನನಗೆ ಹೇಳಿದ್ದುಂಟು. "ಅದನ್ನ ಯಾರೂ ಲೆಕ್ಕಕ್ ಇಡ್ಲಿಲ್ಲ."

ಮದುವೆಯಾಗಿ ಮೈಸೂರಿಗೆ ಬಂದರೆ ಆ ಹೆಸರು ಅವಳಿಗಿಂತ ಮುಂಚೆಯೇ ಬಂದು ಜಗಲಿಯ ಮೇಲೆ ಕೂತಿತ್ತು. ಅವಳು ಹೋದಲ್ಲಿ ಹಾಲು ಒಡೆಯುತ್ತದೆ ಎಂಬುದು ಯಾರು ಹಚ್ಚಿದ್ದೋ ತಿಳಿಯದು. ಅವಳೇ ಮುಂದಾಗಿ, ಜಟಕಾದವರು ದಾರಿ ಬಿಡಿ ಎಂದು ಕೂಗುವ ಹಾಗೆ, ಹಾಲು ಮುಚ್ಚಿಕೊಳ್ಳಿ ಎಂದು ಕೂಗುತ್ತ ಬರುತ್ತಿದ್ದಳು. ಗಂಡ ಹುಚ್ಚಯ್ಯನವರು ಜಟಕಾ ಹೊಡೆಯುತ್ತಿದ್ದರು. ಮಾತು ಕಮ್ಮಿ. ಯಾರಾದರೂ ಹೆಂಡತಿಯ ಬಗ್ಗೆ ಅಂದರೆ, "ನನ್ನ ಕುದ್ರೆ ಅವಳನ್ನ ಕಂಡ್ರೆ ಕುಣೀತದೆ. ಅದಕ್ಕೆ ಯಾರೂ ಯೋಳಿಲ್ಲ ಅಂತ ಕಾಣ್ತದೆ" ಎನ್ನುತ್ತಿದ್ದರು, ಅಷ್ಟೆ.

ನಗುತ್ತಲೇ ಇದ್ದಳು ನಿಜ. ಆದರೆ ಯಾರ ಮನೆಯಲ್ಲಾದರೂ ಆರತಿ ಎತ್ತಲು ಮುತ್ತೈದೆಯರನ್ನು ಕರೆಯಲು ಬಂದವರು ಅವಳ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. ಆಗ ಬತ್ತಿ ಹೊಸೆಯುವ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಒಂದು ಸಲ ಹಾಗೆ ಕೈ ನಿಲ್ಲಿಸಿಕೊಂಡು ನನಗೆ ಹೇಳಿದಳು: "ಬೆಟ್ಟವ್ವ, ನಂಗೆ ಒಂದೇ ಆಸೆ ಕಣೆ. ಆ ಚುಕ್ಕೀನ ಒಂದ್ಸಲ ಎದುರೆದುರೇ ನೋಡ್ಬೇಕು. ನೋಡಿ ಚೆನ್ನಾಗಿ ಉಗೀಬೇಕು. ಮಾಡಿದ್ದು ಅದು, ಅನ್ನಿಸ್ಕೊಂಡಿದ್ದು ನಾನು."

ಆದರೆ ಚುಕ್ಕಿ ಬರಬೇಕಲ್ಲ. ಪ್ರತಿ ಯುಗಾದಿಗೂ ನಮ್ಮ ಬೀದಿಯ ಗುಡಿಯ ಜಗಲಿಯಲ್ಲಿ ಜೋಯಿಸರು ವೆಂಕಟಸುಬ್ಬಯ್ಯನವರು ಪಂಚಾಂಗ ಓದುತ್ತಿದ್ದರು. ಬರುವ ವರ್ಷ ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯ ಎಷ್ಟು ವ್ಯಯ ಎಷ್ಟು, ಚಂದ್ರಗ್ರಹಣ ಯಾವತ್ತು, ಸೂರ್ಯಗ್ರಹಣ ನಮ್ಮ ಊರಿಗೆ ಉಂಟೋ ಇಲ್ಲವೋ, ಎಲ್ಲ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಬೀದಿ ಬೀದಿಯೇ ಕೂತು ಕೇಳುತ್ತಿತ್ತು. ಓದು ಮುಗಿಯುವುದೇ ತಡ, ಹಿಂದಿನಿಂದ ಬಸಮ್ಮಕ್ಕನ ಗಂಟಲು: "ಜೋಯಿಸ್ರೆ, ಈ ವರ್ಸ ಬಾಲದ್ದು ಬರ್ತದಾ?"

"ಬಸಮ್ಮನೋರೆ, ಎಷ್ಟು ಸಲ ಹೇಳಲಿ? ಗ್ರಹಣ ಮರ್ಯಾದಸ್ತರು, ಹೇಳಿ ಕಳಿಸಿ ಬರ್ತಾರೆ. ಬಾಲದ ನಕ್ಷತ್ರ ಹಾಗಲ್ಲ. ನೆಂಟರ ಹಾಗೆ. ಯಾವಾಗ ಬರ್ತದೆ, ಎಷ್ಟು ದಿವಸ ಕೂತಿರ್ತದೆ, ನನ್ನ ಪಂಚಾಂಗದಲ್ಲಿ ಇಲ್ಲ."

"ಇನ್ನೂ ಒಂದ್ಸಲ ತಿರುವಿ ನೋಡಿ ಸ್ವಾಮಿ. ಪುಟ ಅಂಟ್ಕೊಂಡಿರ್ಬೋದು."

ಜನ ನಗುತ್ತಿತ್ತು. ಜೋಯಿಸರು ಪಾಪ, ನಿಜವಾಗಿಯೂ ಪುಟ ಬಿಡಿಸಿ ನೋಡುತ್ತಿದ್ದರು.

ಐವತ್ತೇಳರ ಮಳೆಗಾಲದಲ್ಲಿ ಒಂದು ದಿನ ಯಜಮಾನರು ಅಂಗಡಿಯಿಂದ ಪೇಪರು ತಂದು ಓದಿ ಹೇಳಿದರು. ಪಡುವಣ ದಿಕ್ಕಿನಲ್ಲಿ ಸಂಜೆ ಹೊತ್ತು ಬಾಲದ ನಕ್ಷತ್ರ ಕಾಣುತ್ತಿದೆಯಂತೆ. ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಬಸಮ್ಮಕ್ಕ ಕೇಳಿದವಳೇ ಎದ್ದು ಸೆರಗು ಸಿಕ್ಕಿಸಿಕೊಂಡಳು, ಜಗಳಕ್ಕೆ ಹೊರಟವಳ ಹಾಗೆ. ಆದರೆ ಆಕಾಶ ನೋಡಿದರೆ ಕರೀ ಕಂಬಳಿ. ಆ ಸಂಜೆ ಮೋಡ, ಮಾರನೆಯ ಸಂಜೆ ಮೋಡ, ವಾರಗಟ್ಟಲೆ ಮೋಡ. ಅವಳು ದಿನಾ ಬತ್ತಿ ಹೊಸೆಯುತ್ತ ಬೈಗುಳ ರೂಢಿ ಮಾಡಿಕೊಳ್ಳುತ್ತಿದ್ದಳು. ಒಂದು ಬತ್ತಿಗೊಂದು ಬೈಗುಳ. ಊದುಬತ್ತಿ ಕೊಳ್ಳಲು ಬಂದವರು ತಮಗೇ ಎಂದು ತಿಳಿದು ವಾಪಸು ಹೋದದ್ದೂ ಉಂಟು.

ಕೊನೆಗೆ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾದದ್ದು ಯಾವತ್ತು ಅಂದುಕೊಂಡಿರಿ? ಗಣೇಶನ ಚೌತಿಯ ಸಂಜೆ!

ಚೌತಿಯ ಚಂದ್ರನನ್ನು ನೋಡಿದವರಿಗೆ ಮಾಡದ ತಪ್ಪಿನ ಅಪವಾದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಕೃಷ್ಣಪರಮಾತ್ಮನಿಗೇ ಶಮಂತಕ ಮಣಿ ಕದ್ದ ಅಪವಾದ ಬಂತು, ನಮ್ಮಂಥವರ ಪಾಡೇನು? ಅದಕ್ಕೇ ಆ ಸಂಜೆ ಬೀದಿಯಲ್ಲಿ ಎಲ್ಲರ ಮನೆಯ ಪಡುವಣ ಕಿಟಕಿಯೂ ಮುಚ್ಚಿರುತ್ತಿತ್ತು. ಬಚ್ಚಲಿಗೆ ಹೋಗುವವರೂ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದರು. ಈಗ ಆ ಚಂದ್ರನೂ ಪಡುವಣದಲ್ಲಿ, ಈ ಚುಕ್ಕಿಯೂ ಪಡುವಣದಲ್ಲಿ.

ಹಿತ್ತಲ ಬಾಗಿಲಲ್ಲಿ ಬಸಮ್ಮಕ್ಕ ಬಂದು ಪಿಸುಗುಟ್ಟಿದಳು. "ಬೆಟ್ಟವ್ವ, ಒಂದು ಮೊರ ತಕ್ಕೊಂಡು ಬಾ. ಶಿವನಂಜವ್ವನ ತಾರಸಿಗೆ ಹತ್ತಾನ."

"ಮೊರ ಯಾಕಕ್ಕ?"

"ಚಂದ್ರಂಗೆ ಅಡ್ಡ ಹಿಡಿಯಾಕೆ ಕಣೆ. ಇರೋ ಅಪವಾದ ಇಳಿಸ್ಕೊಳ್ಳಾಕೆ ಓಗಿ ಹೊಸದೊಂದು ಹೊತ್ಕೊಂಡು ಬರಾಕಾಯ್ತದಾ?"

ಕಿಟಕಿ ಮುಚ್ಚಿದ ಅಡುಗೆಮನೆ ಕತ್ತಲು. ತಡವರಿಸಿ ಗೋಡೆಗೆ ತೂಗುಹಾಕಿದ್ದನ್ನು ಎಳೆದುಕೊಂಡು ಓಡಿದೆ. ತಾರಸಿಯ ಮೆಟ್ಟಿಲ ಹತ್ತಿರ ನೋಡಿದರೆ ಜೋಯಿಸರೂ ನಿಂತಿದ್ದಾರೆ. ಶಲ್ಯದಿಂದ ಕಣ್ಣು ಬಿಗಿಯಾಗಿ ಕಟ್ಟಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು. ಬಸಮ್ಮಕ್ಕನಿಗೆ ನೋಡುವ ಧೈರ್ಯವಿತ್ತು, ಎಲ್ಲಿ ನೋಡಬೇಕೆಂದು ಗೊತ್ತಿರಲಿಲ್ಲ. ಅವರಿಗೆ ಎಲ್ಲಿ ನೋಡಬೇಕೆಂದು ಗೊತ್ತಿತ್ತು, ನೋಡುವ ಧೈರ್ಯವಿರಲಿಲ್ಲ. ಅದಕ್ಕೇ ಅವರನ್ನೂ ಹೊರಡಿಸಿಕೊಂಡು ಬಂದಿದ್ದಳು.

ಇಬ್ಬರೂ ಸೇರಿ ಜೋಯಿಸರನ್ನು ಮೆಟ್ಟಿಲು ಹತ್ತಿಸಿದೆವು. ಮೇಲೆ ಹೋಗಿ ಅವರು ಗಂಭೀರವಾಗಿ ಕೈ ಚಾಚಿದರು. "ಅಗೋ, ಈ ದಿಕ್ಕಿನಲ್ಲಿ, ಭೂಮಿಯಿಂದ ಎರಡಾಳೆತ್ತರ."

"ಅಲ್ಲಿ ಚಾಮುಂಡಿ ಬೆಟ್ಟ ಅದೆ ಜೋಯಿಸ್ರೆ."

"ಹಾಗಾದರೆ ನನ್ನನ್ನ ತಿರುಗಿಸಿ ಕಣಮ್ಮ! ಮೆಟ್ಟಿಲಲ್ಲಿ ಸುತ್ತು ಬಂದ್ವಲ್ಲ, ದಿಕ್ಕು ತಪ್ಪಿತು."

ರಾಗಿಕಲ್ಲು ತಿರುಗಿಸಿದ ಹಾಗೆ ತಿರುಗಿಸಿ ನಿಲ್ಲಿಸಿದೆವು. ನಾನು ಪಡುವಣಕ್ಕೆ ಬೆನ್ನು ಹಾಕಿ, ಚಂದ್ರನಿಗೆ ಅಡ್ಡವಾಗಲೆಂದು ಕೈಯಲ್ಲಿದ್ದದ್ದನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಬಸಮ್ಮಕ್ಕ ನೆಲ ನೋಡುತ್ತ ಬಂದು ನನ್ನ ಮುಂದೆ ನಿಂತು ಮೆಲ್ಲಗೆ ತಲೆ ಎತ್ತಿದಳು. ಎತ್ತಿದವಳೇ ಕಿಟಾರನೆ ಕಿರುಚಿ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ ನಿನ್ನ ಮನೆ ಹಾಳಾಗ! ಮೊರ ತಾ ಅಂದ್ರೆ ಜರಡಿ ತಂದಿದ್ದೀಯಲ್ಲೇ! ಒಂದ್ ಚಂದ್ರ ಸಾಲ್ದು ಅಂತ ನೂರು ಚಂದ್ರ ತೋರಿಸ್ತೀಯಾ?"

"ನೋಡ್ಬುಟ್ಯಾ ಅಕ್ಕ?"

"ಗೊತ್ತಿಲ್ಲ ಕಣೆ, ಬೆಳ್ಳಗೆ ಏನೋ ಚುಚ್ತು. ಮೊದ್ಲು ಮೊರ ತತ್ತಾ!"

ಮತ್ತೆ ಕೆಳಗೆ ಓಡಿ ಸರಿಯಾಗಿ ಮುಟ್ಟಿ ನೋಡಿ ಮೊರ ತಂದೆ. "ಎಡಕ್ಕೆ... ಇನ್ನೂ ಎಡಕ್ಕೆ... ಅಷ್ಟಲ್ಲ, ಕೊಂಬು ಕಾಣ್ತದೆ... ಈಗ ಅಂಗೇ ನಿಲ್ಲು. ಸೀನ್ಬೇಡ" ಎಂದಳು. ಹಿಡಿದು ಹಿಡಿದು ನನ್ನ ತೋಳು ಸೋತು ಬಂತು.

"ಕಾಣ್ತಾ ಅಕ್ಕ? ಎಂಗದೆ?"

"ಕಾಣ್ತು" ಎಂದಳು. "ಚೂರು ಗಂಧದ ಪುಡಿ ಉಫ್ ಅಂದಂಗದೆ." ಕತ್ತು ಇನ್ನಷ್ಟು ಚಾಚಿ, "ಇಷ್ಟೇನಾ? ಇಷ್ಟಕ್ಕಾ ನಮ್ಮಜ್ಜಿ ಅಷ್ಟೊಂದ್ ಮಾತಾಡಿದ್ದು?" ಎಂದಳು.

ಆಮೇಲೆ ಶುರು ಮಾಡಿದಳು ನೋಡಿ! ವಾರಗಟ್ಟಲೆ ರೂಢಿ ಮಾಡಿದ್ದಲ್ಲವೇ. "ಏ ಬಾಲಬಡುಕ ಮೂದೇವಿ! ಎಮ್ಮೆ ನೂಕ್ದೋಳು ನೀನು, ಹೆಸ್ರು ನಂದು! ಮಾವನ್ನ ಕೆಡವಿದ್ದು ನೀನು, ಗುಮಾನಿ ನನ್ ಮೇಲೆ! ಕಂಡೋರ ಹಾಲು ಒಡೆಯೋಳೆ! ಮೇಲೆ ಕೂತ್ಕೊಂಡು ಮೆರೀತೀಯಾ? ಇಳ್ದು ಬಾರೇ, ಬಾಲ ಹಿಡಿದು ಕಸ ಗುಡಿಸ್ತೀನಿ!"

ಈ ಮಾತೆಲ್ಲ ತಾರಸಿಯ ಕೆಳಗೆ ಕಡುಬು ಬಡಿಸುತ್ತಿದ್ದ ಶಿವನಂಜಮ್ಮನವರ ಕಿವಿಗೆ ಬಿತ್ತು. ಅವರಿಗೂ ಎಮ್ಮೆ ಇತ್ತು. ಅವರಿಗೂ ಮಾವ ಇದ್ದರು. ಮೇಲೆ ಕೂತುಕೊಂಡು ಮೆರೆಯುವವಳು ಬೀದಿಯಲ್ಲಿ ಬೇರೆ ಯಾರಿದ್ದಾರೆ ಎಂದು ಸೌಟು ಹಿಡಿದೇ ಅಂಗಳಕ್ಕೆ ನುಗ್ಗಿದರು. "ಯಾವಳೇ ಅದು? ನನ್ನ ಮನೆ ಮೇಲೇ ನಿಂತ್ಕೊಂಡು ನನ್ನೇ ಬಯ್ಯೋಳು!" ಎಂದು ತಲೆ ಎತ್ತಿದರು.

ಎತ್ತಿದರೆ ಎದುರಿಗೇ ಚೌತಿಯ ಚಂದ್ರ. ಮೊರ ಇಲ್ಲ, ಜರಡಿಯೂ ಇಲ್ಲ.

"ಅಯ್ಯಯ್ಯಪ್ಪಾ! ನೋಡ್ಬುಟ್ಟೆ! ನೋಡ್ಬುಟ್ಟೆ!"

ಚೌತಿಯ ಚಂದ್ರನನ್ನು ನೋಡಿದವರು ಕೂಡಲೇ ಶಮಂತಕ ಮಣಿಯ ಕಥೆ ಕೇಳಬೇಕು. ಕಥೆ ಹೇಳುವವರು ಅವರ ತಾರಸಿಯ ಮೇಲೇ ಕಣ್ಣು ಕಟ್ಟಿಕೊಂಡು ನಿಂತಿದ್ದರು. ಶಿವನಂಜಮ್ಮನವರು ಏದುಸಿರು ಬಿಡುತ್ತ ಮೇಲೆ ಬಂದು, ಜೋಯಿಸರು ಅಲ್ಲಿ ಯಾಕಿದ್ದಾರೆ ಎಂದು ಕೂಡ ಕೇಳದೆ, ಅವರ ಮುಂದೆ ಕೂತು "ಯೋಳಿ ಸ್ವಾಮಿ, ಬ್ಯಾಗ ಯೋಳಿ" ಎಂದರು. ಜೋಯಿಸರು ಕಥೆ ಹೇಳಿದರು. ಜರಡಿಯಲ್ಲಿ ಎಷ್ಟು ಕಂಡಿತೋ ಎಂದು ಬಸಮ್ಮಕ್ಕನೂ ಕೂತಳು, ಯಾವುದಕ್ಕೂ ಇರಲಿ ಎಂದು ನಾನೂ ಕೂತೆ. ಕಥೆ ಮುಗಿಯುವಾಗ ಚಂದ್ರ ಮುಳುಗಿದ್ದ. ಜೋಯಿಸರು ಶಲ್ಯ ಬಿಚ್ಚಿ ಕಣ್ಣುಜ್ಜಿಕೊಂಡು ಪಡುವಣ ನೋಡಿದರು. ಆಮೇಲೆ ಕೇಳಿದರು, "ಬಸಮ್ಮನೋರೆ, ನೀವು ಅಷ್ಟು ಹೊತ್ತು ಬೈದಿದ್ದು ಅದನ್ನಾ?"

"ಊ ಸ್ವಾಮಿ. ನಾನು ಹುಟ್ಟಿದಾಗ ಬಂದಿತ್ತಲ್ಲ."

"ಅದು ಇದಲ್ಲ ಕಣಮ್ಮ! ನೀವು ಹುಟ್ಟಿದಾಗಿನದ್ದು ಬೇರೆ. ಅದು ಎಪ್ಪತ್ತಾರು ವರ್ಷಕ್ಕೊಂದು ಸಲ ಬರ್ತದಂತೆ, ಮೊನ್ನೆ ಪೇಪರಿನಲ್ಲಿ ಹಾಕಿದ್ರು. ಇದು ಯಾವುದೋ ಹೊಸದು."

ಬಸಮ್ಮಕ್ಕ ಅವರ ಕಡೆ ತಿರುಗಿದಳು. "ಅಂಗಾರೆ ನಾ ಬೈದಿದ್ದು ಯಾರಿಗೆ?"

"ಯಾರಿಗೋ. ಪಾಪ, ದಾರೀಲಿ ಹೋಗೋರಿಗೆ."

"ಮೊದಲೇ ಯಾಕ್ ಯೋಳಲಿಲ್ಲ ನೀವು?"

"ಕಣ್ಣು ಕಟ್ಟಿತ್ತಲ್ಲಮ್ಮ! ನೀವು ಬೈತಿರೋದು ಶಿವನಂಜಮ್ಮನೋರನ್ನ ಅಂತಲೇ ನಾನೂ ತಿಳ್ಕೊಂಡಿದ್ದೆ. ಎಲ್ಲ ಸರಿಯಾಗೇ ಹೊಂದ್ತಿತ್ತು."

ಶಿವನಂಜಮ್ಮನವರು ಸೌಟು ತಿರುಗಿಸಿ ಹಿಡಿದರು. ಬಸಮ್ಮಕ್ಕ ಮಾತ್ರ ಆ ಕಡೆ ನೋಡಲೇ ಇಲ್ಲ. ಪಡುವಣದ ಕಡೆಗೇ ನೋಡುತ್ತಿದ್ದಳು. ಅಲ್ಲಿ ಮತ್ತೆ ಮೋಡ ಕಟ್ಟಿತ್ತು. "ಏನೂ ಮಾಡದೇ ಇರೋದಕ್ಕೆ ಬೈಸ್ಕೊಳ್ತಲ್ಲ ಬೆಟ್ಟವ್ವ, ಅದು" ಎಂದಳು. "ಎಮ್ಮೆ ಕಂಡಿದ್ದಿಲ್ಲ, ಬಾವಿ ಕಂಡಿದ್ದಿಲ್ಲ. ನನ್ನಂಗೇ ಆಯ್ತಲ್ಲೇ." ತಪ್ಪಾಯಿತು ಎಂದು ಹೇಳಬೇಕೆಂದು ಆಮೇಲೆ ಎಷ್ಟೋ ಸಂಜೆ ತಾರಸಿ ಹತ್ತಿದಳು. ಮಳೆ ಹಿಡಿದುಕೊಂಡಿತು. ಆಕಾಶ ಬಿಡುವಷ್ಟರಲ್ಲಿ ಚುಕ್ಕಿ ಹೊರಟುಹೋಗಿತ್ತು. ಚೌತಿಯ ಚಂದ್ರನನ್ನು ನೋಡಿದ್ದು ಒಬ್ಬರು, ಅಪವಾದ ಹೊತ್ತುಕೊಂಡು ಹೋಗಿದ್ದು ಆ ಚುಕ್ಕಿ.

ಅರವತ್ತೊಂದರ ಯುಗಾದಿಗೆ ಜೋಯಿಸರು ಓದುತ್ತ ಓದುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಬರುವ ಪುಷ್ಯದ ಅಮಾವಾಸ್ಯೆಗೆ ಮಕರ ರಾಶಿಯಲ್ಲಿ ಎಂಟು ಗ್ರಹ ಒಟ್ಟಿಗೆ ಸೇರುತ್ತವಂತೆ. ಅಷ್ಟಗ್ರಹ ಕೂಟ. ಊರಿಗೆ ಊರೇ ಲೋಕ ಮುಳುಗುತ್ತದೆ ಎಂದಿತು. ಎಲ್ಲಿ ನೋಡಿದರೂ ಹೋಮ, ಭಜನೆ. ಆ ಅಮಾವಾಸ್ಯೆ ಬಂದಾಗ ಶಿವನಂಜಮ್ಮನವರು ಕೂಡಿಟ್ಟಿದ್ದ ತುಪ್ಪವೆಲ್ಲ ಖರ್ಚು ಮಾಡಿ ಒಬ್ಬಟ್ಟು ಮಾಡಿದರು, ಮುಳುಗುವ ಲೋಕಕ್ಕೆ ತುಪ್ಪ ಯಾಕೆ ಬಿಡಬೇಕೆಂದು. ಒಬ್ಬಟ್ಟಿನ ತಟ್ಟೆ ಹಿಡಿದು ನೇರವಾಗಿ ಬಸಮ್ಮಕ್ಕನ ಮನೆಗೇ ಬಂದು ಕೂತರು. ನಾನೂ ಅಲ್ಲೇ ಇದ್ದೆ.

"ಏನು ಶಿವನಂಜವ್ವ, ನಮ್ಮನೇಗೆ?"

"ಸುಮ್ಕಿರೇ. ಕೇಡಿನೋರು ಕೇಡಿನೋರ ಮನೆ ಮುಟ್ಟಕಿಲ್ಲ. ಇವತ್ತು ನಿನ್ನ ಪಕ್ಕಾನೇ ಸೇಫು."

ಬಸಮ್ಮಕ್ಕ ಒಬ್ಬಟ್ಟು ಮುರಿದು ಬಾಯಿಗೆ ಹಾಕಿಕೊಂಡಳು. "ನಂಗೇನ್ ಹೊಸದಾ? ನೀವು ಯೋಳಿದಂಗೆ ನಾನು ದಿನಾ ಮುಳುಗುಸ್ತಾನೇ ಇದ್ದೀನಲ್ಲ." ಎಂಟು ಗ್ರಹ ನೋಡಬೇಕೆಂದು ಆಸೆಪಟ್ಟು ಅವಳು ಹೊರಗೆ ಹೋಗಿ ಬಂದಳು. ಎಲ್ಲವೂ ಸೂರ್ಯನ ಮಗ್ಗುಲಲ್ಲೇ ಇದ್ದವಂತೆ, ಒಂದೂ ಕಾಣಲಿಲ್ಲ. ಮಾರನೆಯ ದಿನ ಲೋಕ ಇತ್ತು, ತುಪ್ಪ ಇರಲಿಲ್ಲ. ಅದಕ್ಕೂ ಬಸಮ್ಮಕ್ಕನ ಹೆಸರನ್ನೇ ಹೇಳಿದರು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಅರವತ್ತೈದರ ದೀಪಾವಳಿಯ ಆಸುಪಾಸಿನಲ್ಲಿ ಬಂತು ನೋಡಿ ದೊಡ್ಡದು. ಕೋಳಿ ಕೂಗುವ ಹೊತ್ತಿಗೆ ಬೆಟ್ಟದ ಕಡೆಯಿಂದ ಮೇಲಕ್ಕೆ ಎದ್ದಿತ್ತು, ಬೆಳ್ಳನೆಯ ನೀಳ ಬಾಲ, ಆಕಾಶಕ್ಕೆ ಒರಗಿಸಿಟ್ಟ ಕಡ್ಡಿಪೊರಕೆಯ ಹಾಗೆ. ಬೀದಿಯವರೆಲ್ಲ ಹೊದಿಕೆ ಹೊದ್ದು ಈಚೆ ಬಂದಿದ್ದರು. ನಿಜ ಹೇಳಬೇಕೆಂದರೆ ಅರ್ಧ ಜನ ಬಂದದ್ದು ಚುಕ್ಕಿ ನೋಡಲಿಕ್ಕಲ್ಲ, ಬಸಮ್ಮಕ್ಕನ ಬೈಗುಳ ಕೇಳಲಿಕ್ಕೆ. ಚೌತಿಯ ಕಥೆ ಅಷ್ಟು ಹೆಸರಾಗಿತ್ತು.

ಅವಳು ಬಂದಳು. ಕಾಲು ಊದಿಕೊಂಡಿತ್ತು, ನನ್ನ ಹೆಗಲು ಹಿಡಿದಿದ್ದಳು. ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಬೈಗುಳಕ್ಕೆ ಕಾದವರೆಲ್ಲ ಹತ್ತಿರ ಸರಿದರು. ಅವಳು ಕೈ ಮುಗಿದಳು.

"ನೀನ್ಯಾರವ್ವ? ಮೊದ್ಲು ಅದನ್ನ ಯೋಳು. ಕೇಳ್ದೆ ಬಯ್ಯೋಳಲ್ಲ ನಾನು ಈಗ. ಹತ್ತನೇ ಇಸ್ವಿಯೋಳಾ? ಅಲ್ಲ ಅಂತಾರೆ ಜೋಯಿಸ್ರು. ಅಂಗಾರೆ ನಿನ್ ಮೇಲೆ ನಂದೇನೂ ದೂರಿಲ್ಲ, ಓಗ್ಬಾ. ಐವತ್ತೇಳರಾಗೆ ಒಬ್ಬ ಪಾಪದೋನು ಬಂದಿದ್ದ, ಸಣ್ಣಗಿದ್ದ. ದಾರೀಲಿ ಸಿಕ್ರೆ, ಲಷ್ಕರ್ ಮೊಹಲ್ಲದ ಬಸಮ್ಮ ತಪ್ಪಾಯ್ತು ಅಂದ್ಳು ಅಂತ ಯೋಳು."

ಯಾರೂ ನಗಲಿಲ್ಲ. ನಗಬೇಕೆಂದೇ ಬಂದಿದ್ದರು, ಆದರೂ ನಗಲಿಲ್ಲ. ಆಗ ಬಸಮ್ಮಕ್ಕ ಪಕ್ಕಕ್ಕೆ ತಿರುಗಿ, "ಶಿವನಂಜವ್ವ, ಕೈಯಾಗಿರೋದೇನು?" ಎಂದಳು.

ಶಿವನಂಜಮ್ಮನವರ ಕೈಯಲ್ಲಿ ಆಗ ತಾನೇ ಕರೆದ ಹಾಲಿನ ಚೊಂಬು. ಮುಚ್ಚಳವಿಲ್ಲ. ಮೇಲೆ ಬಾಲಚುಕ್ಕಿ, ಪಕ್ಕದಲ್ಲಿ ಬಾಲಚುಕ್ಕಿ ಬಸಮ್ಮ, ನಡುವೆ ಬಾಯಿ ತೆರೆದುಕೊಂಡ ಹಾಲು. ಬೀದಿಯೆಲ್ಲ ಆಕಾಶ ಬಿಟ್ಟು ಚೊಂಬಿನೊಳಗೆ ನೋಡತೊಡಗಿತು. ಶಿವನಂಜಮ್ಮನವರು ಮನೆಗೆ ಹೋಗಿ ಕಾಯಿಸಿದರು. ನಾವೆಲ್ಲ ಒಲೆಯ ಸುತ್ತ ನಿಂತೆವು. ಹಾಲು ಉಕ್ಕಿತು, ಒಡೆಯಲಿಲ್ಲ. ಒಳ್ಳೆ ಕಾಫಿಯೇ ಆಯಿತು.

ಶಿವನಂಜಮ್ಮನವರು ಸೋಲುವವರೇ? ಲೋಟ ಕೆಳಗಿಟ್ಟು ಅಂದರು, "ಇದು ಇವಳ ಚುಕ್ಕಿ ಅಲ್ವಲ್ಲ, ಅದಕ್ಕೇ ಒಡೀಲಿಲ್ಲ. ಇವಳದ್ದು ಬರ್ಲಿ, ಆಗ ನೋಡಾನ." ಆದರೂ ಆ ವರ್ಷ ಅವರ ಮೊಮ್ಮಗಳ ನಾಮಕರಣಕ್ಕೆ ಆರತಿ ಎತ್ತಲು ಕರೆಯುವಾಗ ಬಸಮ್ಮಕ್ಕನ ಬಾಗಿಲನ್ನು ದಾಟಿ ಹೋಗಲಿಲ್ಲ. "ಕೈ ತೊಳ್ಕೊಂಡು ಬಾ, ಆರತಿ ತಟ್ಟೆ ಕಪ್ಪಾದೀತು" ಎಂದು ಗೊಣಗಿಕೊಂಡೇ ಕರೆದರು.

ಬರುವ ವರ್ಷ ಆಕಾಶದಲ್ಲಿ ಏನೇನು ನೋಡಬಹುದೆಂದು ಮೊನ್ನೆ ಪೇಪರಿನಲ್ಲಿ ಹಾಕಿದ್ದರು. ಗ್ರಹಣ ಯಾವಾಗ ಎಂದು ಬರೆದು, ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಹತ್ತನೆಯ ಇಸವಿಯ ಬಾಲಚುಕ್ಕಿ ಎಪ್ಪತ್ತಾರು ವರ್ಷದ ಮೇಲೆ ಎಂಬತ್ತಾರಕ್ಕೆ ಮತ್ತೆ ಬರುತ್ತಿದೆ ಎಂದು. ನಮ್ಮ ಯಜಮಾನರಿಲ್ಲ, ಜೋಯಿಸರಿಲ್ಲ, ಹುಚ್ಚಯ್ಯನವರೂ ಕುದುರೆಯೂ ಇಲ್ಲ. ಶಿವನಂಜಮ್ಮನವರು ಇದ್ದಾರೆ. ಕಣ್ಣು ಮಂಜು, ಬಾಯಿ ಹಾಗೇ ಇದೆ. ನನ್ನ ಮೊಮ್ಮಗ ಆ ಸುದ್ದಿಯನ್ನು ಓದಿ ಹೇಳಿದಾಗ ನನಗೆ ಅರವತ್ತೆಂಟರ ಬೇಸಿಗೆ ನೆನಪಾಯಿತು. ಬಸಮ್ಮಕ್ಕ ಹಾಸಿಗೆ ಹಿಡಿದಿದ್ದಳು. ಗಂಜಿ ತೆಗೆದುಕೊಂಡು ಹೋಗಿದ್ದೆ. ಮೂರು ತುತ್ತು ಕುಡಿದು ಸಾಕೆಂದಳು. ಕೈಯ ಕಪ್ಪು ಆಗಲೂ ಹೋಗಿರಲಿಲ್ಲ.

"ಬೆಟ್ಟವ್ವ, ನನ್ನ ಚುಕ್ಕಿ ಬರೋ ಹೊತ್ಗೆ ನಾನಿರಕಿಲ್ಲ. ನೀನಿರ್ತೀಯ. ಗಟ್ಟಿ ಜೀವ ನಿಂದು."

"ಬಂದ್ರೆ ನಿನ್ನ ಪರವಾಗಿ ಬೈಬೇಕಾ ಅಕ್ಕ?"

"ಬ್ಯಾಡ ಕಣೆ. ಅದಕ್ಕೂ ಊರೂರಲ್ಲಿ ಯಾರ್ಯಾರು ಏನೇನ್ ಅಂದವ್ರೋ. ಒಂದ್ ಕೆಲ್ಸ ಮಾಡು. ಅದು ಬಂದ ರಾತ್ರಿ ಒಂದ್ ಪಾತ್ರೆ ಹಾಲು ಕಾಯ್ಸಿ ಶಿವನಂಜವ್ವನ ತಾರಸಿ ಮೇಲಿಡು. ಮುಚ್ಚಬ್ಯಾಡ. ಬೆಳಗಾನ ಅಂಗೇ ಬುಡು."

"ಬೆಕ್ಕು ಕುಡಿದ್ರೆ?"

"ಕೋಲು ಹಿಡ್ಕೊಂಡು ಪಕ್ಕದಾಗೇ ಕೂತ್ಕೊ. ಬೆಕ್ಕು ಕುಡಿದ್ರೆ ಅದೂ ನನ್ನ ಹೆಸ್ರಿಗೇ ಬರ್ತದೆ." ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಒಂದು ಕಣ್ಣು ತೆರೆದಳು. "ಬೆಳಗ್ಗೆ ಆ ಹಾಲಲ್ಲೇ ಕಾಫಿ ಮಾಡು. ಒಡೀದೇ ಇದ್ರೆ, ಮೊದಲ್ನೇ ಲೋಟ ಶಿವನಂಜವ್ವಂಗೆ ಕೊಡು."